ತಲಿನೋವಂತ ಬಂದ ಪೇಷಂಟ್, ಇಸಿಜಿ ನೋಡಿದ್ರ ಹಾರ್ಟ್ ಅಟ್ಯಾಕಿನಂಗ: ಮೊದಲ ಏನ್ ಮಾಡಬೇಕು?

ಜಮಖಂಡಿ_ಇಸಿಜಿ
ಎಲ್ಲಾರಿಗೂ ನಮಸ್ಕಾರ. ತಾಲ್ಲೂಕು ಆಸ್ಪತ್ರೆಗಳಾಗ ಇಸಿಜಿ ತೆಗಿಯೋರು, ಕ್ಯಾಜುವಲ್ಟಿ ಡ್ಯೂಟಿ ಮಾಡೋರು ಇಲ್ಲಿ ಭಾಳ ಮಂದಿ ಇದ್ದೀರಿ, ಅದಕ್ಕ ಕೇಳಾಕತ್ತೀನಿ. 50 ದಾಟಿದ ಪೇಷಂಟ್ ಅನ್ಕೋರಿ. ಒಮ್ಮಿಂದೊಮ್ಮೆಲೆ ತಲಿ ಸೀಳೋವಂಥ ನೋವು, ಎರಡು ಸರ್ತಿ ವಾಂತಿ, ಬಿಪಿ 190/110, ಎದಿನೋವು ಇಲ್ಲ. ಇಸಿಜಿಯಾಗ ಎದಿ ಮ್ಯಾಲಿನ ಲೀಡ್ ವಿ2ರಿಂದ ವಿ6 ತನಕ ಟಿ ಅಲೆ (ಬಡಿತ ಆದಮ್ಯಾಲ ಸ್ನಾಯು ಮತ್ತ ಚಾರ್ಜ್ ಆಗೋದನ್ನ ತೋರಸೋ ಅಲೆ) ಆಳಕ್ಕ ತಲೆಕೆಳಗಾಗ್ಯಾವ, ಕ್ಯೂಟಿ (ಬಡಿತದ ಕರೆಂಟ್ ಶುರುವಾಗಿ ಟಿ ಮುಗಿಯೋ ತನಕದ ಹೊತ್ತು) ಉದ್ದ ಐತಿ, ಟ್ರೊಪೊನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದ್ರ ರಕ್ತದಾಗ ಏರೋ ವಸ್ತು) ಸ್ವಲ್ಪ ಪಾಸಿಟಿವ್. ಇಂಥವ್ರಿಗೆ ಹಾರ್ಟ್ ಅಟ್ಯಾಕಿಗೆ ಕೊಡೋ ರಕ್ತ ತೆಳು ಮಾಡೋ ಔಷಧದ ಲೋಡಿಂಗ್ ಡೋಸ್ (ಮೊದಲ ದೊಡ್ಡ ಡೋಸ್) ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಸೋದು ಸರಿಯೋ, ಮೊದಲ ತಲಿ ಸಿಟಿ ಮಾಡಸಬೇಕೋ? ಮೆದುಳಿನ ತೊಂದ್ರಿ ಹೃದಯದ ಕರೆಂಟ್ ಹೆಂಗ ಕೆಡಸ್ತೈತಿ ಅನ್ನೋದನ್ನೂ ಬಿಡಿಸಿ ಹೇಳ್ರಿ.

ಕೃಷ್ಣಾತೀರ_ಫಿಸಿಶಿಯನ್
ಮೊದಲು ಸಿಟಿ. ಅಲ್ಲಿಯವರೆಗೆ ಆಸ್ಪಿರಿನ್ ಬೇಡ, ಕ್ಲೊಪಿಡೊಗ್ರೆಲ್ ಬೇಡ, ಹೆಪಾರಿನ್ ಅಂತೂ ಬೇಡವೇ ಬೇಡ. ನೀವು ಬರೆದದ್ದು ಸಬ್‌ಅರಾಕ್ನಾಯ್ಡ್ ರಕ್ತಸ್ರಾವದ ಲಕ್ಷಣ, ಅಂದರೆ ಮೆದುಳಿನ ಹೊದಿಕೆಯ ಕೆಳಗೆ ರಕ್ತನಾಳ ಒಡೆದಿರುವುದು. ಆ ಕಾಯಿಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇಸಿಜಿ ಏನಾದರೊಂದು ಬದಲಾವಣೆ ತೋರಿಸುತ್ತದೆ. 1954ರಲ್ಲೇ ಬರ್ಚ್ ಮತ್ತವರ ಸಂಗಡಿಗರು ಅಗಲವಾದ ಟಿ ಅಲೆ, ಉದ್ದ ಕ್ಯೂಟಿ, ಎದ್ದು ಕಾಣುವ ಯು ಅಲೆ (ಟಿ ನಂತರ ಬರುವ ಸಣ್ಣ ಅಲೆ) ಅಂತ ಈ ನಮೂನೆಯನ್ನೇ ವಿವರಿಸಿದ್ದರು. 70 ವರ್ಷ ಕಳೆದರೂ ಇವತ್ತಿಗೂ ಇದನ್ನು ಹಾರ್ಟ್ ಅಟ್ಯಾಕ್ ಅಂತ ಓದಿ ರಕ್ತ ತೆಳುವಾಗುವ ಔಷಧ ಕೊಟ್ಟುಬಿಡುವುದು ನಿಂತಿಲ್ಲ.

ತಾಳಿಕೋಟಿ_ಸಿಸ್ಟರ್
ಈಗ ಸರ್ಕಾರದ ಹೃದಯ ಜ್ಯೋತಿ ಯೋಜನೆಯೊಳಗ ತಾಲ್ಲೂಕು ಆಸ್ಪತ್ರೆಯೊಳಗನ ಟೆನೆಕ್ಟೆಪ್ಲೇಸ್ (ಹೆಪ್ಪು ಕರಗಸೋ ಇಂಜೆಕ್ಷನ್) ಫ್ರೀ ಸಿಗ್ತದ. ಇಂಥಾ ಪೇಷಂಟ್‌ಗೆ ಅದನ್ನ ಚುಚ್ಚಿಬಿಟ್ರ ಗತಿ ಏನ್ರಿ?

ಕೃಷ್ಣಾತೀರ_ಫಿಸಿಶಿಯನ್
ಗತಿ ಏನು ಅಂತ ಕೇಳುವುದೇ ಬೇಡ. ಒಡೆದ ನಾಳದ ಬಾಯಿಗೆ ಕಟ್ಟಿದ ಹೆಪ್ಪನ್ನು ಕರಗಿಸಿದ ಹಾಗೆ.

ಎಂಡಿ_ಕಾರ್ಡಿಯೋ_ಬೆಳಗಾವಿ
ಒಂದು ತಿದ್ದುಪಡಿ ಡಾಕ್ಟ್ರ. ಬರೀ ಟಿ ತಲೆಕೆಳಗಾಗಿದ್ರ ಟೆನೆಕ್ಟೆಪ್ಲೇಸ್ ಮಾತ ಬರೂದಿಲ್ಲ, ಅದು ಎಸ್‌ಟಿ (ಟಿ ಅಲೆಗಿಂತ ಮುಂಚಿನ ಗೆರಿ) ಏರಿದಾಗ ಮಾತ್ರ. ಯೋಜನೆ ಮ್ಯಾಲ ಸುಮ್ಮನ ಹೆದರಿಕಿ ಹುಟ್ಟಸಬ್ಯಾಡ್ರಿ, ವೇಳೆಕ್ಕ ಇಂಜೆಕ್ಷನ್ ಸಿಕ್ಕು ಉಳಿಯೋ ಮಂದಿನ ಹೆಚ್ಚು. ಆದ್ರ ತಲಿಯೊಳಗ ರಕ್ತ ಆದಾಗ ಎಸ್‌ಟಿ ಸುದ್ದಾ ಏರಬಹುದು, ಮೋಸ ಹೋಗೋದು ಅಲ್ಲೇ. ಚೆಕ್‌ಲಿಸ್ಟಿನ್ಯಾಗ ಹಿಂದ ಯಾವಾಗಾದ್ರೂ ತಲಿಯೊಳಗ ರಕ್ತಸ್ರಾವ, 3 ತಿಂಗಳ ಒಳಗ ಲಕ್ವಾ, 3 ತಿಂಗಳ ಒಳಗ ತಲಿಗೆ ಪೆಟ್ಟು ಅಂತ ಇರ್ತಾವಲ್ಲ, ಅವನ್ನ ಟಿಕ್ ಹಾಕಿ ಮುಗಸೂದಲ್ಲ. ‘ಮೊದಲ ಶುರು ಆಗಿದ್ದು ಎದಿನೋವೋ, ತಲಿನೋವೋ?’ ಅಂತ ಮನಿಯವರನ್ನ ಬಾಯಿಬಿಟ್ಟು ಕೇಳ್ರಿ. ನೋವು ಒಂದು ನಿಮಿಷದೊಳಗ ಶಿಖರ ಮುಟ್ಟಿತ್ತೇನು, ನೋವು ಬಂದಾಗ ಎಚ್ಚರ ತಪ್ಪಿತ್ತೇನು, ಎರಡನೂ ಕೇಳ್ರಿ. ಹಬ್‌ಗೆ (ಇಸಿಜಿ ಓದಿ ಹೇಳೋ ದೊಡ್ಡ ಆಸ್ಪತ್ರೆಗೆ) ಇಸಿಜಿ ಕಳಸುವಾಗ ಅದನ್ನೂ ಬರೀರಿ. ಅಲ್ಲಿ ಕುಂತವ್ರಿಗೆ ಕಾಣೂದು ಕಾಗದ ಅಷ್ಟ, ಪೇಷಂಟ್ ಅಲ್ಲ.

ಗೋಳಗುಮ್ಮಟ_26
ಕುತ್ತಿಗಿ ಬಿಗಿ ಇಲ್ಲಂದ್ರ ತಲಿಯೊಳಗ ರಕ್ತ ಇಲ್ಲ ಅಂತನ ಅರ್ಥ ಅಲ್ಲೇನ್ರಿ?

ಕೃಷ್ಣಾತೀರ_ಫಿಸಿಶಿಯನ್
ಅಲ್ಲ. ಕುತ್ತಿಗೆ ಬಿಗಿಯಾಗಲು ಕೆಲವು ಗಂಟೆ ಬೇಕು. ಮೊದಲ ಗಂಟೆಯಲ್ಲೇ ಬಂದವರಲ್ಲಿ ಅದು ಇಲ್ಲದೇ ಇರಬಹುದು. ನೋವು ಶುರುವಾದ 6 ಗಂಟೆಯೊಳಗೆ ಒಳ್ಳೆ ಮಷಿನ್‌ನಲ್ಲಿ ಕಾಂಟ್ರಾಸ್ಟ್ ಇಲ್ಲದ ಸಿಟಿ ಮಾಡಿ, ಅನುಭವಿ ರೇಡಿಯಾಲಜಿಸ್ಟ್ ನೋಡಿದರೆ ತಪ್ಪಿಸಿಕೊಳ್ಳುವುದು ಬಹಳ ವಿರಳ. ತಡವಾಗಿ ಬಂದು ಸಿಟಿ ಸರಿ ಇದ್ದರೂ ಅನುಮಾನ ಹೋಗದಿದ್ದರೆ 12 ಗಂಟೆಯ ನಂತರ ಬೆನ್ನುನೀರು ತೆಗೆದು ಅದರಲ್ಲಿ ರಕ್ತದ ಗುರುತಾದ ಹಳದಿ ಬಣ್ಣ ಇದೆಯೇ ನೋಡಬೇಕು.

ನ್ಯೂರೋ_ನೋಟ್ಸ್
ಹೆಂಗ ಕೆಡಸ್ತೈತಿ ಅನ್ನೋ ಪ್ರಶ್ನೆಗೆ ಬರ್ತೀನಿ, ಉತ್ತರ ಸ್ವಲ್ಪ ಉದ್ದ.

ಹೃದಯ ತಾನಾಗೇ ಬಡಿಯುತ್ತದೆ. ಬಡಿತ ಹುಟ್ಟಿಸುವ ಎಸ್‌ಎ ನೋಡ್‌ಗೆ ಮೆದುಳಿನ ಅಪ್ಪಣೆ ಬೇಕಿಲ್ಲ, ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100. ಕೂತಾಗ 70ಕ್ಕೆ ಇಳಿಸುವುದು ವೇಗಸ್ ನರ, ಏರಿಸುವುದು ಸಿಂಪಥೆಟಿಕ್ ನರಗಳು. ಇವೆರಡರ ಹಿಡಿತ ಇರುವುದು ಮೆದುಳಿನ ಇನ್ಸುಲಾ, ಹೈಪೋಥಲಾಮಸ್, ಅಮಿಗ್ಡಲಾ ಮತ್ತು ಕೆಳಗಿನ ಮೆಡುಲ್ಲಾದಲ್ಲಿ. ರಕ್ತನಾಳ ಒಡೆದು ತಲೆಯೊಳಗಿನ ಒತ್ತಡ ಒಂದೇ ಸಲ ಏರಿದಾಗ ಸಿಂಪಥೆಟಿಕ್ ನರಗಳ ತುದಿಯಿಂದ ನಾರ್‌ಅಡ್ರೆನಲಿನ್ ಹೃದಯದ ಸ್ನಾಯುವಿಗೇ ನೇರ ಸುರಿಯುತ್ತದೆ. ಜೀವಕೋಶದೊಳಗೆ ಕ್ಯಾಲ್ಸಿಯಂ ತುಂಬಿ ಸ್ನಾಯು ಬಿಗಿದ ಹಾಗೇ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಕಾಂಟ್ರ್ಯಾಕ್ಷನ್ ಬ್ಯಾಂಡ್ ಇದೇ. ವಿಶೇಷ ಏನೆಂದರೆ ಈ ಗಾಯ ರಕ್ತನಾಳದ ಹರವನ್ನು ಅನುಸರಿಸುವುದಿಲ್ಲ, ನರದ ತುದಿಗಳ ಸುತ್ತ ಇರುತ್ತದೆ. ಆಂಜಿಯೋದಲ್ಲಿ ನಾಳಗಳು ಸ್ವಚ್ಛ, ಎಕೋದಲ್ಲಿ ಮಾತ್ರ ಹೃದಯ ಸೋತಿರುತ್ತದೆ.

ಪ್ರತಿ ಬಡಿತದ ನಂತರ ಸ್ನಾಯು ಮತ್ತೆ ಚಾರ್ಜ್ ಆಗುವ ಹೊತ್ತು ಒಳಪದರಕ್ಕೂ ಹೊರಪದರಕ್ಕೂ ಬೇರೆಬೇರೆ ಆದಾಗ ಟಿ ಅಲೆ ತಿರುವುಮುರುವಾಗುತ್ತದೆ, ಕ್ಯೂಟಿ ಉದ್ದವಾಗುತ್ತದೆ. ಆ ವ್ಯತ್ಯಾಸ ಹೆಚ್ಚಾದಷ್ಟೂ ಟಾರ್ಸಾಡ್ ಎನ್ನುವ ಅಪಾಯದ ಲಯ ಹತ್ತಿರ.

ಎಂಡಿ_ಕಾರ್ಡಿಯೋ_ಬೆಳಗಾವಿ
ಛಲೋ ಬರದೀರಿ. ಎಕೋ ಬಗ್ಗೆ ಒಂದಿಷ್ಟು ಸೇರಸ್ತೀನಿ. ಒಂದು ಕೊರೊನರಿ ನಾಳದ ಸರಹದ್ದು ದಾಟಿ ಗೋಡೆ ಸೋತಿದ್ರ ತಲಿ ಕಡೆ ಅನುಮಾನ ಹೋಗಬೇಕು. ಎಷ್ಟೋ ಸಬ್‌ಅರಾಕ್ನಾಯ್ಡ್ ಪೇಷಂಟ್‌ಗಳಾಗ ತುದಿ ಚಲೋ ಕೆಲಸ ಮಾಡ್ತಿರ್ತೈತಿ, ಬುಡ ಮತ್ತ ನಡುಭಾಗ ಸೋತಿರ್ತೈತಿ. 1990ರಾಗ ಜಪಾನಿನವರು ಹೇಳಿದ ಟಕೊಟ್ಸುಬೊ ಅನ್ನೋ, ಆಘಾತದಿಂದ ಹೃದಯ ಸೋಲೋ ಬ್ಯಾನಿಯಾಗ ಸಾಮಾನ್ಯ ಇದರ ಉಲ್ಟಾ, ತುದಿ ಉಬ್ಬತೈತಿ. ಎರಡೂ ಒಂದ ಕುಲದವು, ರಕ್ತಸ್ರಾವದಾಗ ತುದಿ ಉಬ್ಬೋದೂ ಉಂಟು. ಟ್ರೊಪೊನಿನ್ನೂ ಸುಳಿವು ಕೊಡ್ತೈತಿ: ಎಕೋದಾಗ ಇಎಫ್ (ಪ್ರತಿ ಬಡಿತಕ್ಕ ಹೃದಯ ಹೊರಗ ದೂಡೋ ರಕ್ತದ ಶೇಕಡಾ) 30 ಅಂತ ಐತಿ, ಟ್ರೊಪೊನಿನ್ ಮಾತ್ರ ಚೂರ ಏರೈತಿ ಅಂದ್ರ ತಾಳ ಕೂಡೂದಿಲ್ಲ. ಪೇಷಂಟ್ ಉಳಿದ್ರ ಪಂಪಿಂಗ್ ಸಾಮಾನ್ಯ ಕೆಲವು ದಿನ, ಒಂದೆರಡು ವಾರದಾಗ ಸುಧಾರಸ್ತೈತಿ. ಟಿ ಅಲೆ ಅದಕ್ಕಿಂತ ತಡಾ ಮಾಡಿ ಸರಿಹೋಗ್ತೈತಿ, ದಿನಾ ಇಸಿಜಿ ತಗದು ತಲಿ ಕೆಡಿಸ್ಕೋಬ್ಯಾಡ್ರಿ.

ಇಳಕಲ್_ಕಾಕಾ
ಬಲಗಡೆ ಇನ್ಸುಲಾ ಕೆಟ್ರ ಒಂಥರಾ, ಎಡಗಡೆ ಕೆಟ್ರ ಇನ್ನೊಂಥರಾ ಅಂತಾರಲ್ಲ? ಬಲಕ್ಕ ವೇಗ, ಎಡಕ್ಕ ನಿಧಾನ. ಅದನ್ನ ಬಾಯಿಪಾಠ ಮಾಡಿದ್ರ ಸಾಲದೇನು?

ನ್ಯೂರೋ_ನೋಟ್ಸ್
ಕಾಕಾ, ಅದು 1992ರ ಒಪನ್‌ಹೈಮರ್ ಅವರ ಕೆಲಸ. ಮೂರ್ಛೆರೋಗದ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಇನ್ಸುಲಾಕ್ಕೆ ಸಣ್ಣ ವಿದ್ಯುತ್ ಕೊಟ್ಟು ನೋಡಿದ್ದು. ಎಡಕ್ಕೆ ಕೊಟ್ಟಾಗ ನಾಡಿ ಇಳಿಯುವುದು ಹೆಚ್ಚು, ಬಲಕ್ಕೆ ಕೊಟ್ಟಾಗ ಏರುವುದು ಹೆಚ್ಚು. ರೋಗಿಗಳು ಬೆರಳೆಣಿಕೆಯಷ್ಟು, ಆಮೇಲಿನ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಇನ್ನೊಂದು, ಕರೆಂಟ್ ಕೊಡುವುದೇ ಬೇರೆ, ಆ ಜಾಗ ಸಾಯುವುದೇ ಬೇರೆ: ಎಡ ಇನ್ಸುಲಾ ಸತ್ತರೆ ಅದರ ತಡೆ ತಪ್ಪಿ ಸಿಂಪಥೆಟಿಕ್ ಕಡೆ ಮೇಲಾಗಬಹುದು. ಪರೀಕ್ಷೆಯಲ್ಲಿ ಮಾರ್ಕ್ಸ್ ತರುತ್ತದೆ, ವಾರ್ಡಿನಲ್ಲಿ ಎಡವೋ ಬಲವೋ, ಮಾನಿಟರ್ ಹಚ್ಚಲೇಬೇಕು.

ಜಮಖಂಡಿ_ಇಸಿಜಿ
ಕ್ಯೂಟಿ ಮಷಿನ್ ಬರಕೊಡೋದು ನಂಬಬಹುದೇನ್ರಿ?

ಲೀಡ್_2_ರಾಯರು
ನಂಬಬ್ಯಾಡ್ರಿ, ಸ್ಕೇಲ್ ಹಿಡೀರಿ. ದೊಡ್ಡ ಯು ಅಲೆ ಟಿ ಜೊತಿ ಕೂಡಿದ್ರ ಮಷಿನ್ ಎರಡನೂ ಸೇರಿಸಿ ಅಳೀತದ. ಲೀಡ್ 2 ಇಲ್ಲಾ ವಿ5 ತಗೋರಿ. ಟಿ ಅಲೆ ಇಳಿಯೋ ಕಡೆ ಎಲ್ಲಿ ಭಾಳ ಕಡಿದಾಗಿ ಇರ್ತದೋ ಅಲ್ಲಿ ಒಂದು ಗೆರಿ ಎಳೀರಿ, ಅದು ತಳದ ಗೆರಿಗೆ ಮುಟ್ಟೋ ಜಾಗಾನ ಟಿ ಕೊನಿ. 25 ಮಿಮೀ ವೇಗದಾಗ ಸಣ್ಣ ಚೌಕ 40 ಮಿಲಿಸೆಕೆಂಡ್.

ಲೆಕ್ಕ ನೋಡ್ರಿ. ಕ್ಯೂಟಿ 12 ಸಣ್ಣ ಚೌಕ, ಅಂದ್ರ 480. ಆರ್‌ದಿಂದ ಆರ್‌ಗೆ 20 ಚೌಕ, ಅಂದ್ರ 0.8 ಸೆಕೆಂಡ್, ನಾಡಿ 75. 0.8ರ ವರ್ಗಮೂಲ 0.894. 480ನ್ನ ಅದರಿಂದ ಭಾಗಿಸಿದ್ರ ಕ್ಯೂಟಿಸಿ (ನಾಡಿಗೆ ಹೊಂದಿಸಿದ ಕ್ಯೂಟಿ) 537. ಗಂಡಸರಿಗೆ 450, ಹೆಂಗಸರಿಗೆ 460 ದಾಟಿದ್ರ ಉದ್ದ, 500 ದಾಟಿದ್ರ ಬಾಗಿಲದಾಗ ಡಿಫಿಬ್ರಿಲೇಟರ್ ತಂದು ಇಡ್ರಿ.

ಇದು 1920ರ ಬಾಜೆಟ್ ಸೂತ್ರ. ನಾಡಿ ಓಡಾಕತ್ತಿದ್ರ ಇದು ಸುಳ್ಳ ಹೆಚ್ಚು ತೋರಸ್ತದ. ನಾಡಿ 110, ಕ್ಯೂಟಿ 360 ಇದ್ರ ಬಾಜೆಟ್ 488 ಅಂತದ, ಘನಮೂಲದ ಫ್ರಿಡೆರಿಸಿಯಾ ಸೂತ್ರ 441 ಅಂತದ. ತಲಿ ಪೇಷಂಟ್‌ಗಳ ನಾಡಿ ಓಡ್ತಿರೋದ ಹೆಚ್ಚು, ಹಿಂಗಾಗಿ ಎರಡೂ ಬರದಿಡ್ರಿ. ಟೈಮ್ ಇಲ್ಲಂದ್ರ ಟಿ ಕೊನಿ ಎರಡು ಆರ್ ನಡುವಿನ ಅರ್ಧ ದಾಟೇದೇನು ಅಂತ ನೋಡ್ರಿ. 60ರಿಂದ 100ರೊಳಗಿನ ನಾಡಿಗೆ ಅಷ್ಟ ಸಾಕು.

ತಾಳಿಕೋಟಿ_ಸಿಸ್ಟರ್
ಬಾಗಿಲದಾಗ ಡಿಫಿಬ್ರಿಲೇಟರ್ 😀 ಮೊದಲ ಅದರ ಬ್ಯಾಟರಿ ಚಾರ್ಜ್ ಇರ್ಲಿ ರಾಯರ.

ಕೃಷ್ಣಾತೀರ_ಫಿಸಿಶಿಯನ್
ಕ್ಯೂಟಿ ಉದ್ದ ಇದ್ದಾಗ ನಾವೇ ಕೈಯಾರೆ ಕೆಡಿಸುವುದು ಜಾಸ್ತಿ. ವಾಂತಿ ಅಂತ ಒಂಡೆನ್‌ಸೆಟ್ರಾನ್ ಐವಿ, ಒದ್ದಾಡುತ್ತಾರೆ ಅಂತ ಹ್ಯಾಲೊಪೆರಿಡಾಲ್, ಕಫ ಇದೆ ಅಂತ ಅಜಿತ್ರೊಮೈಸಿನ್: ಮೂರೂ ಕ್ಯೂಟಿ ಉದ್ದ ಮಾಡುವಂಥವು. ಮೇಲಿಂದ ತಲೆಯೊಳಗಿನ ಒತ್ತಡ ಇಳಿಸಲು ಮ್ಯಾನಿಟಾಲ್ ಹಾಕಿದರೆ ಮೂತ್ರದ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಹರಿದುಹೋಗುತ್ತವೆ. ವಾಂತಿಯಲ್ಲಿ ಆಗಲೇ ಒಂದಿಷ್ಟು ಹೋಗಿರುತ್ತದೆ.

ಪೊಟ್ಯಾಸಿಯಂ 4ರ ಮೇಲೆ, ಮೆಗ್ನೀಸಿಯಂ 2ರ ಮೇಲೆ ಇಟ್ಟುಕೊಳ್ಳಿ. ನಮ್ಮಲ್ಲಿ ಸಿಗುವ 10 ಎಂಎಲ್ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಆಂಪ್ಯೂಲ್‌ನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ಸಲಾಯಿನ್‌ನಲ್ಲಿ ಚೆನ್ನಾಗಿ ಬೆರೆಸಿ, ಕೈಯ ನರದಲ್ಲಿ ಗಂಟೆಗೆ 10ಕ್ಕಿಂತ ಜಾಸ್ತಿ ಬೇಡ. ಸಿರಿಂಜಿನಲ್ಲಿ ನೇರ ತಳ್ಳಿದರೆ ಅಲ್ಲೇ ಹೃದಯ ನಿಲ್ಲುತ್ತದೆ.

ಟಾರ್ಸಾಡ್ ಬಂತೆಂದರೆ ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ, ಅಂದರೆ 50 ಶೇಕಡಾದ 2 ಎಂಎಲ್ ಆಂಪ್ಯೂಲ್ ಎರಡು, ತೆಳು ಮಾಡಿ 10–15 ನಿಮಿಷದಲ್ಲಿ. ನಾಡಿಯೇ ಇಲ್ಲದಿದ್ದರೆ ಕಾಯುವ ಮಾತಿಲ್ಲ, ಶಾಕ್. ಲಯ ಸರಿಪಡಿಸುವ ಔಷಧ ಅಂತ ಅಮಿಯೊಡರೋನ್ ಕೈಗೆತ್ತಿಕೊಳ್ಳಬೇಡಿ, ಅದೂ ಕ್ಯೂಟಿ ಉದ್ದ ಮಾಡುವಂಥದ್ದೇ.

ಗೋಳಗುಮ್ಮಟ_26
ಸಿಟಿಯೊಳಗ ರಕ್ತ ಕಂಡ್ರ ನಿಮೊಡಿಪಿನ್ (ಮೆದುಳಿನ ನಾಳ ಸೆಟೆದು ಆಗೋ ತೊಂದ್ರಿ ತಡೆಯೋ ಗುಳಿಗಿ) ಶುರು ಮಾಡೂದಲ್ರಿ? ಇಎಫ್ ಕಡಿಮಿ ಇದ್ದಾಗ ಬಿಪಿ ಬಿದ್ರ?

ನ್ಯೂರೋ_ನೋಟ್ಸ್
60 ಮಿಗ್ರಾಂ 4 ತಾಸಿಗೊಮ್ಮೆ, 21 ದಿನ, ಬಾಯಿಂದ ಇಲ್ಲಾ ಮೂಗಿನ ನಳಿಯಿಂದ. ಬಿಪಿ ಬಿದ್ದರೆ 30 ಮಿಗ್ರಾಂ 2 ತಾಸಿಗೊಮ್ಮೆ ಮಾಡಿ ನೋಡ್ತಾರೆ. ನಿಮ್ಮ ಆತಂಕ ಸರಿಯಾದದ್ದೇ: 4ರಿಂದ 14ನೇ ದಿನದ ನಡುವೆ ಮೆದುಳಿನ ನಾಳ ಸೆಟೆಯುವ ಕಾಲ, ಆಗ ಬಿಪಿ ಬೇಕು, ಬಿಪಿ ಎತ್ತಲು ಸೋತ ಹೃದಯ ಕೈ ಕೊಡುತ್ತದೆ. ಹಾಗಾಗಿ ಮೊದಲ ದಿನವೇ ಒಂದು ಎಕೋ ಮಾಡಿ ಇಟ್ಟುಕೊಂಡರೆ ಒಳ್ಳೆಯದು.

ಕುಂದಾ_ಪ್ರಿಯ
ಮನಿಮಂದಿಗೆ ಒಂದು ಸರಳ ಸಲಹಾ: ಎದಿನೋವಿರ್ಲಿ, ಲಕ್ವಾ ಇರ್ಲಿ, ನಾಲಿಗಿ ಕೆಳಗ ಒಂದು ಸಾರ್ಬಿಟ್ರೇಟ್ (ನಾಳ ಹಿಗ್ಗಸೋ ಗುಳಿಗಿ), ಒಂದು ಡಿಸ್ಪಿರಿನ್ (ಆಸ್ಪಿರಿನ್) ಕೊಟ್ಟು ಗಾಡಿ ಹತ್ತಸ್ರಿ. ವಾಟ್ಸಾಪಿನ್ಯಾಗ ಎಲ್ಲಾರೂ ಹಾಕ್ತಾರ.

ಎಂಡಿ_ಕಾರ್ಡಿಯೋ_ಬೆಳಗಾವಿ
ದಯಮಾಡಿ ಇದನ್ನ ಹಬ್ಬಸಬ್ಯಾಡ್ರಿ. ಲಕ್ವಾದಾಗ ಸಾರ್ಬಿಟ್ರೇಟ್ ಬಿಪಿ ಕೆಡವ್ತೈತಿ, ಮೆದುಳಿಗೆ ಹೋಗೋ ಅಷ್ಟಿಷ್ಟು ರಕ್ತಾನೂ ಕಡಿಮಿ ಆಗ್ತೈತಿ. ಡಿಸ್ಪಿರಿನ್ ಕೊಟ್ಟಾಗ ಒಳಗ ರಕ್ತ ಆಗೈತೋ ಹೆಪ್ಪುಗಟ್ಟೈತೋ ಯಾರಿಗೂ ಗೊತ್ತಿರೂದಿಲ್ಲ. ಬಾಯಿ ಸೊಟ್ಟ, ಕೈ ಬಿದ್ದೈತಿ, ಮಾತು ತೊದಲ್ತೈತಿ ಅಂದ್ರ ಬಾಯಿಗೆ ಏನೂ ಹಾಕಬ್ಯಾಡ್ರಿ, ನೀರು ಸುದ್ದಾ. ಶುರುವಾದ ಟೈಮ್ ಬರಕೊಂಡು 108ಕ್ಕ ಫೋನ್ ಮಾಡ್ರಿ, ಸಿಟಿ ಇರೋ ಆಸ್ಪತ್ರೆಗೆ ಸೀದಾ ಹೋಗ್ರಿ.

ಕುಂದಾ_ಪ್ರಿಯ
ಆತ್ರಿ, ಗ್ರೂಪಿನ್ಯಾಗ ಅಳಿಸಿ ಹಾಕ್ತೀನಿ.

ಮುಧೋಳ_ಐಸಿಯು
ತಲಿ ಪೇಷಂಟ್‌ನ ನಾಡಿ 44, ಬಿಪಿ 210/100, ಉಸಿರು ತಾಳ ತಪ್ಪೈತಿ ಅಂದ್ರ ಅದು ಹಾರ್ಟ್ ಬ್ಲಾಕ್ ಅಲ್ರಿ, ಕುಶಿಂಗ್. ತಲಿಯೊಳಗಿನ ಒತ್ತಡ ಮೆದುಳಿನ ಕಾಂಡನ್ನ ಕೆಳಗ ದೂಡಾಕತ್ತೈತಿ ಅಂತ ಅರ್ಥ. ಬರೀ ನಾಡಿ ನೋಡಿ ಅಟ್ರೊಪಿನ್ ಕೊಡೂದು, ಬಿಪಿ ನೋಡಿ ಲ್ಯಾಬೆಟಲಾಲ್ ಕೊಡೂದು, ಎರಡೂ ತಪ್ಪು ದಾರಿ. ಆ ಬಿಪಿ ಮೆದುಳಿಗೆ ರಕ್ತ ದೂಡಾಕ ದೇಹಾನ ಏರಿಸಿಕೊಂಡದ್ದು. ತಲಿದಿಂಬು 30 ಡಿಗ್ರಿ ಎತ್ರಿ, ಕುತ್ತಿಗಿ ನೆಟ್ಟಗಿಡ್ರಿ, ಟ್ಯೂಬಿನ ದಾರ ಕುತ್ತಿಗಿಗೆ ಬಿಗಿ ಕಟ್ಟಿದ್ರ ಸಡ್ಲ ಮಾಡ್ರಿ, ಮ್ಯಾನಿಟಾಲ್ ಕೆಜಿಗೆ 0.25ರಿಂದ 1 ಗ್ರಾಂ, ನ್ಯೂರೋ ಸರ್ಜನ್‌ಗೆ ಫೋನ್.

ಘಟಪ್ರಭಾ_ಬಯೋಮೆಡ್
ಎಲ್ಲಾರೂ ನಿಜವಾದ ಬದಲಾವಣೆ ಬಗ್ಗೆ ಬರಿಯಾಕತ್ತೀರಿ, ಸುಳ್ಳು ಬದಲಾವಣೆ ಬಿಟ್ಟೀರಿ. ಪಾರ್ಕಿನ್ಸನ್ ಪೇಷಂಟ್‌ನ ಕೈ ನಡುಕ ಸೆಕೆಂಡಿಗೆ 4ರಿಂದ 6 ಸರ್ತಿ, ಅಂದ್ರ ನಿಮಿಷಕ್ಕ 240ರಿಂದ 360. ಕಾಗದದ ಮ್ಯಾಲ ಅದು ಥೇಟ್ ಏಟ್ರಿಯಲ್ ಫ್ಲಟರ್ (ಹೃದಯದ ಮೇಲಿನ ಕೋಣೆ, ಅಂದ್ರ ಏಟ್ರಿಯಂ, ಓಡೋ ಲಯ). ನಡುಕ ದೊಡ್ಡದಿದ್ರ ವಿಟಿ (ಕೆಳಕೋಣೆಯ ಅಪಾಯದ ಓಟ) ಅಂತ ಓದಿ ಶಾಕ್ ಕೊಡಾಕ ಹೋಗ್ತಾರ. ಇದಕ್ಕ ಡಾಕ್ಟರ್ ಬೇಕಿಲ್ಲ, ಲೀಡ್ ತಿಳಿದಿದ್ರ ಸಾಕು.

ಲೀಡ್ 1 ಬಲಗೈ–ಎಡಗೈ, ಲೀಡ್ 2 ಬಲಗೈ–ಎಡಗಾಲು, ಲೀಡ್ 3 ಎಡಗೈ–ಎಡಗಾಲು. ಬಲಗೈ ನಡುಗಿದ್ರ 1 ಮತ್ತ 2 ಕೆಡ್ತಾವ, 3 ಸ್ವಚ್ಛ. ಎಡಗೈ ನಡುಗಿದ್ರ 1 ಮತ್ತ 3 ಕೆಡ್ತಾವ, 2 ಸ್ವಚ್ಛ. ಒಂದು ಲೀಡಿನ್ಯಾಗ ಚೊಕ್ಕ ಪಿ ಅಲೆ (ಏಟ್ರಿಯಂ ಸರಿಯಾಗಿ ಬಡಿದ ಗುರುತು) ಕಂಡ್ರ ಫ್ಲಟರ್ ಅನ್ನೋ ಮಾತ ಮುಗೀತು. ಕೈಯ ಎಲೆಕ್ಟ್ರೋಡ್ ಭುಜದ ಹತ್ರ, ಕಾಲಿಂದು ಸೊಂಟದ ಹತ್ರ ಸರಿಸಿ ಇನ್ನೊಂದು ತಗೀರಿ, ಕೈನ ತೊಡಿ ಕೆಳಗ ಇಟ್ಕೊಂಡು ಮಲಗಾಕ ಹೇಳ್ರಿ. ಹಂಗ ಸರಿಸಿದ್ರ ಆಕ್ಸಿಸ್ (ಕಾಗದದ ಮ್ಯಾಲ ಕಾಣೋ ಕರೆಂಟಿನ ದಿಕ್ಕು) ಬದಲಾಗ್ತೈತಿ, ಕೆಳಗೋಡೆಯ ಹಳೇ ಅಟ್ಯಾಕಿನ ಕ್ಯೂ ಅಲೆ ಮುಚ್ಚಿಹೋಗಬಹುದು, ಅದಕ್ಕ ‘ಭುಜಕ್ಕ ಹಚ್ಚಿದ್ದು’ ಅಂತ ಕಾಗದದ ಮ್ಯಾಲ ಬರೀಲೇಬೇಕು.

ಇನ್ನ ಫಿಲ್ಟರ್. ಗೆರಿ ನೀಟ್ ಬರಲಿ ಅಂತ 40 ಹರ್ಟ್ಸ್ ಫಿಲ್ಟರ್ ಒತ್ತಿ, ತಳದ ಫಿಲ್ಟರ್ 0.5ಕ್ಕ ಇಟ್ಟು ತಗೀತಾರ. ಎಷ್ಟೋ ಮಷಿನ್‌ದಾಗ ಆ 0.5ರಿಂದ ಎಸ್‌ಟಿನ ಸೊಟ್ಟ ಆಗ್ತೈತಿ. ಎಸ್‌ಟಿ, ಟಿ ನೋಡೂದಿದ್ರ 0.05ರಿಂದ 150. ಗೆರಿ ದಪ್ಪಾಗಿ ಜುಂಯ್ ಅಂದ್ರ ಅದು 50 ಹರ್ಟ್ಸ್ ಕರೆಂಟ್: ಅರ್ಥಿಂಗ್ ನೋಡ್ರಿ, ಒಣಗಿದ ಜೆಲ್ ಒರಸ್ರಿ, ಹಾಸಿಗಿ ಮ್ಯಾಲಿನ ಮೊಬೈಲ್ ಚಾರ್ಜರ್ ತಗೀರಿ.

ಜಮಖಂಡಿ_ಇಸಿಜಿ
ಇದನ್ನ ಪ್ರಿಂಟ್ ತಗದು ಮಷಿನ್ ಮ್ಯಾಲ ಅಂಟಸ್ತೀನ್ರಿ ಅಣ್ಣಾರ.

ಇಳಕಲ್_ಕಾಕಾ
ಪಾರ್ಕಿನ್ಸನ್ ಅಂದಕೂಡಲೆ ನೆನಪಾತು, ಅವರಿಗೆ ವಾಕರಿಕಿಗೆ ಡೊಂಪೆರಿಡೋನ್ ಕೊಡ್ತಾರಲ್ಲ, ಅದೂ ಕ್ಯೂಟಿ ಎಳೀತದಲ್ಲ?

ನ್ಯೂರೋ_ನೋಟ್ಸ್
ಎಳೆಯುತ್ತದೆ ಕಾಕಾ. 10 ಮಿಗ್ರಾಂ ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೇಡ, ಶುರು ಮಾಡುವ ಮುಂಚೆ ಒಂದು ಇಸಿಜಿ. ಮೆಟೊಕ್ಲೊಪ್ರಮೈಡ್ ಮೆದುಳಿನೊಳಗೆ ಹೋಗಿ ನಡುಕ ಹೆಚ್ಚಿಸುತ್ತದೆ, ಅದಕ್ಕೇ ಡೊಂಪೆರಿಡೋನ್‌ಗೆ ಹೋಗುತ್ತಾರೆ.

ಬಸವನಬಾಗೇವಾಡಿ_ಪೀಡಿಯಾ
ಮೂರ್ಛೆ ಬಗ್ಗೆ ಯಾರೂ ಬರಿಲಿಲ್ಲ. ನಮ್ಮ ಕಡಿ ಸೋದರಮಾವನ ಜೋಡಿ, ಅಕ್ಕನ ಮಗಳ ಜೋಡಿ ಮದುವಿ ಇನ್ನೂ ಅದಾವ. ಹುಟ್ಟಾ ಕಿವುಡು ಇರೋ ಕೂಸು, ಓಡಿದಾಗ, ಅಂಜಿದಾಗ ಬಿದ್ದು ಫಿಟ್ಸ್ ಬರ್ತಾವ ಅಂದ್ರ ಇಇಜಿಗೆ (ಮೆದುಳಿನ ಕರೆಂಟಿನ ಪರೀಕ್ಷೆಗೆ) ಮೊದಲ ಇಸಿಜಿ ತಗೀರಿ. 1957ರೊಳಗ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ನಾರ್ವೆಯೊಳಗ ಹೇಳಿದ್ದು ಇದನ್ನ: ತಂದಿ ತಾಯಿ ಇಬ್ಬರಿಂದನೂ ಕೆಟ್ಟ ಜೀನ್ ಬಂದಾಗ ಕಿವುಡೂ ಆಗ್ತದ, ಕ್ಯೂಟಿನೂ ಭಾಳ ಉದ್ದ ಇರ್ತದ. ಹಿಂಗ ಬಿದ್ದ ಕೂಸಿಗೆ ಫಿಟ್ಸ್ ಗುಳಿಗಿ ವರ್ಷಾನುಗಟ್ಲೆ ನುಂಗಿಸಿದ್ರ ಏನೂ ಉಪಯೋಗ ಆಗೂದಿಲ್ಲ, ಬೇಕಾಗಿದ್ದು ಬೀಟಾ ಬ್ಲಾಕರ್. ಕಾಕ್ಲಿಯರ್ ಇಂಪ್ಲಾಂಟ್‌ಗೆ ಕಳಸೋ ಪ್ರತಿ ಕೂಸಿನ ಇಸಿಜಿ ಅನಸ್ತೇಷಿಯಾಕ್ಕಿಂತ ಮೊದಲ ಆಗಬೇಕು.

ಹೃದಯದ್ದೋ ಮೆದುಳಿಂದೋ ತಿಳಿಯೂದು ಹೆಂಗ? ಹೃದಯದ್ದಾದ್ರ ಮುಖ ಬಿಳಚ್ತದ, ಬಿದ್ದಮ್ಯಾಲ ಕೈಕಾಲು ನಾಕೈದು ಸರ್ತಿ ಜಗ್ಗಿ ನಿಲ್ತದ, ಎದ್ದಕೂಡಲೆ ಮಾತಾಡ್ತದ. ಮೂರ್ಛೆ ಆದ್ರ ಒಂದೆರಡು ನಿಮಿಷ ನಡೀತದ, ನಾಲಿಗಿಯ ಬದಿ ಕಚ್ಚಿರ್ತದ, ಎದ್ದಮ್ಯಾಲ ಅರ್ಧ ತಾಸು ಮಂಕು. ಮನಿಯವರು ಮೊಬೈಲಿನ್ಯಾಗ ವಿಡಿಯೋ ಮಾಡಿ ತಂದ್ರ ಅರ್ಧ ಕೆಲಸ ಮುಗಿದಂಗ.

ನ್ಯೂರೋ_ನೋಟ್ಸ್
ಇದರ ಉಲ್ಟಾನೂ ಇದೆ: ನಿಜವಾದ ಮೂರ್ಛೆಯೇ ಹೃದಯ ನಿಲ್ಲಿಸುವುದು. ಬಹುಪಾಲು ಫಿಟ್ಸ್‌ನಲ್ಲಿ ನಾಡಿ ಏರುತ್ತದೆ. ಟೆಂಪೊರಲ್ ಲೋಬ್‌ನಿಂದ ಶುರುವಾಗುವ ಕೆಲವರಲ್ಲಿ ಮಾತ್ರ ಇಳಿದು 3 ಸೆಕೆಂಡಿಗಿಂತ ಹೆಚ್ಚು ನಿಂತೇ ಹೋಗುತ್ತದೆ. ಗುರುತು: ಬಾಯಿ ಚಪ್ಪರಿಸುವುದು, ಶೂನ್ಯ ನೋಟ ನಡೆದಿರುವಾಗ ನಡುವೆ ಒಮ್ಮೆಲೇ ಮೈ ಸಡಿಲಾಗಿ ಕುಸಿಯುವುದು. ಇಇಜಿ ಮಷಿನ್‌ನಲ್ಲಿ ಇಸಿಜಿಗೆ ಒಂದು ಚಾನೆಲ್ ಇದ್ದೇ ಇರುತ್ತದೆ, ಅದನ್ನು ಹಚ್ಚದೆ ಬಿಟ್ಟರೆ ಇದು ಎಂದೂ ಗೊತ್ತಾಗುವುದಿಲ್ಲ.

ಗೋಳಗುಮ್ಮಟ_26
ಫಿನೈಟಾಯಿನ್ (ಫಿಟ್ಸ್ ಔಷಧ) ಜೋರಾಗಿ ಓಡಿಸಿ ಹೃದಯ ನಿಲ್ಲಸೂದೂ ಸೇರಸ್ರಿ ಇದರಾಗ.

ಮುಧೋಳ_ಐಸಿಯು
ಹೌದ್ರಿ. ಕೆಜಿಗೆ 15ರಿಂದ 20 ಮಿಗ್ರಾಂ, ನಿಮಿಷಕ್ಕ 50 ಮಿಗ್ರಾಂ ಮೀರಬಾರದು, ವಯಸ್ಸಾದವರಿಗೆ, ಹೃದಯದ ಬ್ಯಾನಿ ಇದ್ದವರಿಗೆ 25. ಅಂದ್ರ 60 ಕೆಜಿ ಪೇಷಂಟ್‌ಗೆ 1200 ಮಿಗ್ರಾಂ ಕಡಿಮಿ ಅಂದ್ರೂ 24 ನಿಮಿಷ. ನಾರ್ಮಲ್ ಸಲಾಯಿನ್‌ದಾಗ ಮಾತ್ರ, ಡೆಕ್ಸ್ಟ್ರೋಸ್‌ದಾಗ ಹರಳಗಟ್ಟತೈತಿ. ಮಾನಿಟರ್ ಹಚ್ಚಿರಬೇಕು, 5 ನಿಮಿಷಕ್ಕೊಮ್ಮೆ ಬಿಪಿ, ನಾಡಿ ಇಳಿದ್ರ ನಿಲ್ಲಿಸಿ ನಿಧಾನ ಶುರು ಮಾಡ್ರಿ. ಇನ್ನೊಂದು ಫಿಟ್ಸ್ ಔಷಧ ಲ್ಯಾಕೊಸಮೈಡ್ ಪಿಆರ್ (ಮೇಲಿನ ಕೋಣೆಯಿಂದ ಕೆಳಕೋಣೆಗೆ ಕರೆಂಟ್ ಹೋಗೋ ಹೊತ್ತು) ಉದ್ದ ಮಾಡ್ತೈತಿ, ಮೊದಲ ಹಾರ್ಟ್ ಬ್ಲಾಕ್ ಇದ್ದವರಿಗೆ ಅದೂ ಬ್ಯಾಡ.

ತಾಳಿಕೋಟಿ_ಸಿಸ್ಟರ್
ಲಕ್ವಾ ಆದ ಮರುದಿನ ಎಎಫ್ (ಏಟ್ರಿಯಂ ತಾಳ ತಪ್ಪಿ ಅದುರೋದು) ಕಂಡ್ರ ಅದು ಲಕ್ವಾದಿಂದ ಬಂದದ್ದೋ, ಅದರಿಂದನ ಲಕ್ವಾ ಆದದ್ದೋ?

ಎಂಡಿ_ಕಾರ್ಡಿಯೋ_ಬೆಳಗಾವಿ
ಎರಡೂ ಆಗಬಹುದು ಸಿಸ್ಟರ್. ಎಕೋದಾಗ ಎಡ ಏಟ್ರಿಯಂ ದೊಡ್ಡದಾಗಿದ್ರ ಹಳೇದು ಅನ್ನೋ ಕಡೆ ವಾಲ್ರಿ. ಏಟ್ರಿಯಂ ಸರಿ ಐತಿ, ಇನ್ಸುಲಾಕ್ಕ ಪೆಟ್ಟಾಗೈತಿ, ಎಎಫ್ ಅರ್ಧ ನಿಮಿಷ ಬಂದು ಹೋಗೈತಿ ಅಂದ್ರ ಹೊಸಾದು ಇರಬಹುದು. ಕಡಿಮಿ ಅಂದ್ರ 24 ತಾಸು ಮಾನಿಟರ್, ಆಮ್ಯಾಲೂ ದಿನಾ ಕೈಯಿಂದ ಒಂದು ಪೂರ್ಣ ನಿಮಿಷ ನಾಡಿ ಹಿಡೀರಿ. ಡಿಜಿಟಲ್ ಬಿಪಿ ಮಷಿನ್ ತೋರಸೋ ನಾಡಿ ಎಎಫ್‌ದಾಗ ಲೆಕ್ಕಕ್ಕಿಲ್ಲ. ಮತ್ತ ಎದಿಗೆ ಸ್ಟೆತೊಸ್ಕೋಪ್ ಇಡದ ಗುಳಿಗಿ ಬರೀಬ್ಯಾಡ್ರಿ. ಸಣ್ಣಾಗಿದ್ದಾಗ ಕೀಲುಜ್ವರ ಬಂದು ಮೈಟ್ರಲ್ ವಾಲ್ವ್ ಕಿರಿದಾದವರು ನಮ್ಮ ಕಡೆ ಇನ್ನೂ ಇದ್ದಾರ. ಅವರಿಗೆ ರಕ್ತ ತೆಳು ಮಾಡೋ ಹೊಸಾ ಗುಳಿಗಿ ನಡೆಯೂದಿಲ್ಲ, ವಾರ್ಫರಿನ್ ಇಲ್ಲಾ ಅಸಿಟ್ರೋಮ್, ಐಎನ್‌ಆರ್ (ರಕ್ತ ಎಷ್ಟು ತೆಳುವಾಗೈತಿ ಅನ್ನೋ ಅಳತಿ) 2ರಿಂದ 3.

ಇಳಕಲ್_ಕಾಕಾ
ಕಡೀದೊಂದು. ಮೆದುಳು ಪೂರ್ತಿ ಸತ್ತಮ್ಯಾಲ ಮಾನಿಟರಿನ್ಯಾಗ ಹೃದಯ ಬಡೀತಿರ್ತದ, ಮನಿಯವರು ‘ಜೀವ ಐತಿ’ ಅಂತ ಜಗಳಾ ತಗೀತಾರ. ಏನ್ ಹೇಳೂದು?

ಮುಧೋಳ_ಐಸಿಯು
ಕಾಕಾ, ಮ್ಯಾಲ ನ್ಯೂರೋ ಅವರು ಬರದದ್ದನ್ನ ಹೇಳ್ರಿ, ಎಸ್‌ಎ ನೋಡ್ ತಾನ ಬಡಿಯೋದು. ವೆಂಟಿಲೇಟರ್ ಆಕ್ಸಿಜನ್ ಕೊಡೂತನಕ ಅದು ನಡೀತೈತಿ. ಆ ಪೇಷಂಟ್‌ಗೆ ಅಟ್ರೊಪಿನ್ ಕೊಟ್ರ ನಾಡಿ ಏರೂದಿಲ್ಲ, ಯಾಕಂದ್ರ ಅಟ್ರೊಪಿನ್ ಬಿಡಸೂದು ವೇಗಸ್‌ನ ಹಿಡಿತ, ಆ ವೇಗಸ್ ಹೊರಡೋ ಮೆಡುಲ್ಲಾನ ಸತ್ತೈತಿ. ಅಟ್ರೊಪಿನ್ ಒಂದರಿಂದನ ಮೆದುಳು ಸತ್ತೈತಿ ಅಂತ ಹೇಳಾಕ ಬರೂದಿಲ್ಲ, ಕಾನೂನಿನ ಪ್ರಕಾರ ನಾಕು ಮಂದಿ ಡಾಕ್ಟರು 6 ತಾಸಿನ ಅಂತರದಾಗ ಎರಡು ಸರ್ತಿ ಪರೀಕ್ಷೆ ಮಾಡಬೇಕು, ಆಪ್ನಿಯಾ ಟೆಸ್ಟ್ (ತಾನಾಗೇ ಉಸಿರು ಬರ್ತೈತೇನು ಅಂತ ನೋಡೂದು) ಸಹಿತ. ಮನಿಯವರಿಗೆ ಅದನ್ನ ನಿಂತು ನೋಡಾಕ ಬಿಟ್ರ ಜಗಳಾ ಕಡಿಮಿ ಆಗ್ತಾವ.

ಜಮಖಂಡಿ_ಇಸಿಜಿ
ಸಿಟಿ ಇಲ್ಲದ ತಾಲ್ಲೂಕಿಂದ ಕಳಸುವಾಗ ರೆಫರ್ ಚೀಟಿ ಮ್ಯಾಲ ಏನೇನ್ ಬರೀಬೇಕು, ಅದೊಂದು ಹೇಳಿಬಿಡ್ರಿ.

ಕೃಷ್ಣಾತೀರ_ಫಿಸಿಶಿಯನ್
ನೋವು ಶುರುವಾದ ಗಂಟೆ ನಿಮಿಷ, ಎಚ್ಚರ ತಪ್ಪಿತ್ತೋ ಇಲ್ಲವೋ, ಜಿಸಿಎಸ್ (ಎಚ್ಚರ ಎಷ್ಟಿದೆ ಎನ್ನುವ ಅಂಕ), ಎರಡೂ ಕಣ್ಣಿನ ಪಾಪೆ, ಬಿಪಿ, ಸಕ್ಕರೆ, ಕ್ಯೂಟಿಸಿ ಯಾವ ಸೂತ್ರದಲ್ಲಿ ಎಷ್ಟು, ಕೊಟ್ಟ ಔಷಧ ಟೈಮ್ ಸಮೇತ. ಮೊದಲಿಂದ ಇಕೋಸ್ಪ್ರಿನ್ (ಆಸ್ಪಿರಿನ್) ಅಥವಾ ವಾರ್ಫರಿನ್ ತಗೊಳ್ಳುತ್ತಿದ್ದರೆ ಅದನ್ನೂ ಬರೆಯಿರಿ. ಇಸಿಜಿಯ ಮೂಲ ಪ್ರತಿ ಜೊತೆಗೇ ಹೋಗಲಿ, ಫೋಟೋ ನಿಮ್ಮ ಹತ್ತಿರ ಇರಲಿ. ಮೇಲ್ಗಡೆ ದೊಡ್ಡದಾಗಿ ‘ಆಸ್ಪಿರಿನ್, ಹೆಪಾರಿನ್ ಕೊಟ್ಟಿಲ್ಲ, ಮೊದಲು ತಲೆ ಸಿಟಿ’ ಅಂತ ಬರೆಯಿರಿ. ಇಲ್ಲದಿದ್ದರೆ ದಾರಿಯಲ್ಲಿ ಇನ್ನೊಂದು ಕಡೆ ಇಳಿಸಿಕೊಂಡು ಇಸಿಜಿ ನೋಡಿದವರು ಲೋಡಿಂಗ್ ಕೊಟ್ಟೇ ಕಳಿಸುತ್ತಾರೆ.